ಹುಣ್ಣಿಲ್ಲದ ಬಾಯಿ ಉರಿಗೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಜ್ವರ ಬಿಟ್ಟು ತಿಂಗಳುಗಟ್ಟಲೆ ಆದರೂ ಬಾಯಿ ಸರಿಹೋಗದವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಯಾರನ್ನೂ ಕೇಳದೆ ಓದಿಕೊಳ್ಳುವಂತಿರಬೇಕು. ಅದರಲ್ಲಿ ಒಂದು ಕಡೆ ಪದ ಸಿಗದೆ ನಿಂತಿದ್ದೇನೆ. ಬಾಯಲ್ಲಿ ಹುಣ್ಣಿಲ್ಲ, ಗುಳ್ಳೆ ಇಲ್ಲ, ಕೆಂಪೂ ಆಗಿಲ್ಲ. ಆದರೆ ನಾಲಿಗೆ ತುದಿ, ಅಂಗುಳ, ತುಟಿಯ ಒಳಬದಿ ದಿನವಿಡೀ ಉರಿಯುತ್ತದೆ. ಇದಕ್ಕೆ ಏನನ್ನೋಣ?

ನಮ್ಮಲ್ಲಿ ಬಾಯಿಗೆ ಏನೇ ಆದರೂ ‘ಬಾಯಿ ಹುಣ್ಣು’ ಅಂದುಬಿಡುತ್ತೇವೆ. ಯಾಕೆ ಅಂದರೆ ‘ಉಷ್ಣ ಆಗಿದೆ’. ಪೇರಲೆ ಕುಡಿ ಜಗಿ, ಒಂದೆಲಗದ ತಂಬ್ಳಿ ಕುಡಿ, ಅಲ್ಲಿಗೆ ಮಾತು ಮುಗಿಯಿತು. ನಮ್ಮ ಚಿಕ್ಕಮ್ಮನೂ ಡಾಕ್ಟರ ಹತ್ತಿರ ‘ಬಾಯಿ ಹುಣ್ಣು’ ಅಂತಲೇ ಹೇಳಿದರು. ಅವರು ಟಾರ್ಚ್ ಬಿಟ್ಟು, ನಾಲಿಗೆ ಎತ್ತಿಸಿ, ಕೆನ್ನೆ ಸರಿಸಿ ನೋಡಿದರು. ‘ಏನೂ ಇಲ್ವಲ್ಲಮ್ಮಾ’ ಅಂದರು. ಚಿಕ್ಕಮ್ಮ ಮನೆಗೆ ಬಂದು ಸುಮ್ಮನೆ ಕೂತುಬಿಟ್ಟರು. ತಾನು ಹೇಳಿದ್ದು ಸುಳ್ಳು ಅಂದ ಹಾಗಾಯಿತು ಅಂತ ಬೇಜಾರು. ಮುಂದಿನ ಸಲ ತನಗೆ ಆಗುವುದನ್ನೇ ಹೇಳಿದರು: ‘ಸೂಜಿಮೆಣಸು ಉಜ್ಜಿದಂಗೆ ಉರಿಯುತ್ತೆ. ಬೆಳಿಗ್ಗೆ ಕಮ್ಮಿ, ಸಂಜೆ ಜಾಸ್ತಿ. ಊಟ ಮಾಡ್ತಿರುವಾಗ ಸ್ವಲ್ಪ ತಡೆಯುತ್ತೆ.’ ಆಗ ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು. ರಕ್ತದಲ್ಲಿ ಕಬ್ಬಿಣದಂಶ, ಬಿ12, ಸಕ್ಕರೆ ನೋಡಲು ಬರೆದುಕೊಟ್ಟರು. ಇವುಗಳ ಏರುಪೇರಿನಿಂದಲೂ ಬಾಯಿ ಉರಿ ಬರುತ್ತದೆ, ಬಾಯಿ ಒಣಗುವುದರಿಂದಲೂ ಬರುತ್ತದೆ. ಇಂಥ ಕಾರಣ ಯಾವುದೂ ಸಿಗದೆ, ದಿನಕ್ಕೆ 2 ಗಂಟೆಗಿಂತ ಜಾಸ್ತಿ ಹೊತ್ತು, 3 ತಿಂಗಳಿಗಿಂತ ಜಾಸ್ತಿ ಕಾಲ ದಿನಾ ಉರಿದರೆ ವೈದ್ಯರು ಅದನ್ನು ಬರ್ನಿಂಗ್ ಮೌತ್ ಸಿಂಡ್ರೋಮ್ ಎನ್ನುತ್ತಾರೆ. ನರಗಳ ಕೆಲಸ ಏರುಪೇರಾಗಿರುವುದು ಇದರ ಹಿಂದಿರುತ್ತದೆ ಅನ್ನುವುದು ಈಗಿನ ತಿಳಿವಳಿಕೆ.

‘ಬಾಯಿ ಬೆಂದಿದೆ’ ಅನ್ನುವ ಮಾತು ನಮ್ಮಲ್ಲಿದೆ. ಆದರೆ ಅದು ಎಲೆಯಡಿಕೆಗೆ ಸುಣ್ಣ ಜಾಸ್ತಿಯಾದಾಗ ಆಡುವ ಮಾತು. ಅಲ್ಲಿ ಚರ್ಮ ನಿಜವಾಗಿ ಬೆಂದಿರುತ್ತದೆ, ನೋಡಿದರೆ ಕಾಣುತ್ತದೆ. ‘ಉರಿಬಾಯಿ’ ಅಂದರೆ ನನ್ನ ಕಿವಿಗೆ ಸಿಡುಕಿನವರನ್ನು ಬೈದ ಹಾಗೆ ಕೇಳುತ್ತದೆ. ‘ಬಾಯಿ ಉರಿ’ಯೇ ಸರಳ, ಕಣ್ಣುರಿ, ಎದೆಯುರಿ ಇದ್ದ ಹಾಗೆ. ಆದರೆ ಮಲೆನಾಡಿನಲ್ಲಿ ಅದಕ್ಕೊಂದು ತೊಡಕಿದೆ. ಅಡಿಕೆ ಜಗಿಯುವವರಿಗೆ ಕೆನ್ನೆಯ ಒಳಭಾಗ ಗಡುಸಾಗಿ ಬಿಗಿಯುವ ಕಾಯಿಲೆ ಬರುತ್ತದೆ. ಅದು ಶುರುವಾಗುವುದೂ ಉರಿಯಿಂದಲೇ. ಖಾರ ಸೇರುವುದಿಲ್ಲ, ಆಮೇಲಾಮೇಲೆ ಬಾಯಿ ತೆರೆಯುವುದೇ ಕಷ್ಟ. ಅದು ಕ್ಯಾನ್ಸರಿಗೂ ತಿರುಗಬಹುದು. ಅದನ್ನು ಜ್ವರದ ಲೆಕ್ಕಕ್ಕೆ ಹಾಕಿ ಯಾರೂ ಮನೆಯಲ್ಲಿ ಕೂರಬಾರದು. ಅದಕ್ಕೇ ಕೈಪಿಡಿಯಲ್ಲಿ ಒಂದಕ್ಕೆ ‘ಖಾರ ಸೇರದ ಉರಿ’, ಇನ್ನೊಂದಕ್ಕೆ ‘ಹುಣ್ಣಿಲ್ಲದ ಉರಿ’ ಅಂತ ಬೇರೆ ಬೇರೆ ಇಡೋಣ ಅಂದುಕೊಂಡಿದ್ದೇನೆ. ಉದ್ದವಾಯಿತು ಅನ್ನಿಸುತ್ತಾ?

ಮಂಗನ ಕಾಯಿಲೆಯನ್ನೂ ಇಲ್ಲಿ ಹೇಳಲೇಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಗುರುತಾದ ಕಾಯಿಲೆ ಅದು. ಅದರಲ್ಲಿ ಒಸಡಿನಿಂದ ರಕ್ತ ಬರಬಹುದು, ಮೆತ್ತನೆ ಅಂಗುಳದಲ್ಲಿ ಸಣ್ಣ ಬೊಕ್ಕೆ ಏಳಬಹುದು. ಅವೆಲ್ಲ ಜ್ವರದ ಜೊತೆಗೇ ಬರುವ, ಕಣ್ಣಿಗೆ ಕಾಣುವ ಗುರುತುಗಳು. ಸರ್ಪಸುತ್ತು ಹಾಗಲ್ಲ. ಅದು ಬಾಯಿಯಲ್ಲೂ ಏಳುತ್ತದೆ, ಸಾಮಾನ್ಯವಾಗಿ ಒಂದೇ ಬದಿಗೆ. ಬೊಕ್ಕೆ ಒಣಗಿ ತಿಂಗಳುಗಳಾದರೂ ಆ ಬದಿಯ ಉರಿ ಕೆಲವರಿಗೆ ಉಳಿದುಬಿಡುತ್ತದೆ.

ಇನ್ನೊಂದು ವಿಷಯಕ್ಕೆ ನಿಮ್ಮ ಅಭಿಪ್ರಾಯ ಬೇಕೇ ಬೇಕು. ‘ಲಸಿಕೆ ಹಾಕಿಸಿದ ಮೇಲೆ ಬಂತು’ ಮತ್ತು ‘ಲಸಿಕೆಯಿಂದ ಬಂತು’ ಒಂದೇ ಅಲ್ಲ, ಅಲ್ವಾ? ಕೆನ್ನೆ ಒಳಗೆ ಬಿಳಿ ಜಾಲರಿ ಹಾಗೆ ಗೆರೆ ಮೂಡುವ ಲೈಕೆನ್ ಪ್ಲಾನಸ್ ಎಂಬ ತೊಂದರೆ ಇದೆ. ಹೆಪಟೈಟಿಸ್ ಸಿ ಇರುವವರಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಹೆಪಟೈಟಿಸ್ ಬಿ ಮತ್ತು ಕೋವಿಡ್ ಲಸಿಕೆ ಹಾಕಿಸಿದ ಮೇಲೆ ಕಾಣಿಸಿಕೊಂಡ ಬಿಡಿ ಬಿಡಿ ಪ್ರಕರಣಗಳನ್ನೂ ವೈದ್ಯರು ದಾಖಲಿಸಿದ್ದಾರೆ. ಅಲ್ಲಿ ‘ಮೇಲೆ’ ಅಂದರೆ ಸರಿ. ‘ಇಂದ’ ಅಂದರೆ ಗೊತ್ತಿರುವುದಕ್ಕಿಂತ ಜಾಸ್ತಿ ಹೇಳಿದಂತೆ, ಲಸಿಕೆ ಬೇಕಾದವರು ಸುಮ್ನೆ ಹೆದರುತ್ತಾರೆ. ‘ಲಸಿಕೆಯಿಂದಾದ’ ಅಂತ ಇದ್ದ ಕಡೆಯೆಲ್ಲ ‘ಲಸಿಕೆಯ ನಂತರ ಕಂಡ’ ಅಂತ ಮಾಡಿದ್ದೇನೆ.

ರುಚಿಯ ಮಾತೂ ಉಳಿದಿದೆ. ‘ಬಾಯಿ ಕೆಟ್ಟಿದೆ’, ‘ಬಾಯಿ ಚಪ್ಪೆ’, ‘ಬಾಯಿ ಕಹಿ’ ಮೂರೂ ಕೇಳಿದ್ದೇನೆ. ನನಗೆ ‘ಕೆಟ್ಟಿದೆ’ ಅಂದರೆ ಉಪ್ಪಿನಕಾಯಿ ಬೇಕು ಅನ್ನಿಸುವ ಬಾಯಿ, ‘ಚಪ್ಪೆ’ ಅಂದರೆ ಏನು ಹಾಕಿದರೂ ರುಚಿ ಹತ್ತದ ಬಾಯಿ. ಕೋವಿಡ್ ಆದಮೇಲೆ ಎಷ್ಟೋ ಜನ ಹೇಳಿಕೊಂಡದ್ದು ಎರಡನೆಯದನ್ನು. ನಿಮ್ಮ ಮನೆಯ ಹಿರಿಯರು ಈ ಮೂರನ್ನು ಹೇಗೆ ಬೇರೆ ಮಾಡುತ್ತಾರೆ, ಹುಣ್ಣಿಲ್ಲದ ಉರಿಗೆ ಬೇರೆ ಮಾತೇನಾದರೂ ಇದೆಯಾ, ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ.