‘ಅಳಿವೆ’ ಮತ್ತು ‘ಅಳಿವೆ ಬಾಗಿಲು’: ಎರಡೂ ಒಂದೇನಾ?

ಮಂಗಳೂರು, ಉಡುಪಿಯ ಪೇಪರುಗಳಲ್ಲಿ ‘ಅಳಿವೆ ಬಾಗಿಲಿನಲ್ಲಿ ಹೂಳು’ ಅನ್ನುವ ಮಾತು ಆಗಾಗ ಬರುತ್ತದೆ. ಅಳಿವೆ ಎಂದರೇ ಹೊಳೆ ಕಡಲಿಗೆ ಸೇರುವ ಬಾಯಿ. ಹಾಗಿದ್ದ ಮೇಲೆ ಮತ್ತೆ ಬಾಗಿಲು ಯಾಕೆ? ‘ನಡುಮಧ್ಯ’, ‘ಗೇಟುಬಾಗಿಲು’ ಅನ್ನುವ ಹಾಗೆ ಒಂದನ್ನೇ ಎರಡು ಸಲ ಹೇಳುತ್ತಿದ್ದೇವಾ? ಅಲ್ಲ ಅಂತ ನನ್ನ ಅಭಿಪ್ರಾಯ. ಎರಡೂ ಬೇರೆ. ಯಾಕೆ ಅಂತ ಹೇಳುತ್ತೇನೆ, ನಿಮ್ಮ ಊರಿನ ಬಳಕೆಯನ್ನೂ ತಿಳಿಸಿ.

ನಮ್ಮ ದೊಡ್ಡಮ್ಮ ಸಣ್ಣವರಿದ್ದಾಗ ಮನೆಮಂದಿಯೆಲ್ಲ ಮಚ್ವೆಯಲ್ಲಿ, ಅಂದರೆ ಸರಕಿನ ಹಾಯಿದೋಣಿಯಲ್ಲಿ, ಮಂಗಳೂರಿನಿಂದ ಗಂಗೊಳ್ಳಿಗೆ ಹೋದ ಕಥೆಯನ್ನು ಈಗ ಬರೆದಿಡುತ್ತಿದ್ದೇನೆ. ಹೆದ್ದಾರಿಗೆ ಸೇತುವೆಗಳಾಗುವ ಮುಂಚಿನ ಸಂಗತಿ. ನೆಲದ ಮೇಲೆ ಹೋದರೆ ಹೊಳೆಯ ಮೇಲೆ ಹೊಳೆ, ಪ್ರತಿಯೊಂದಕ್ಕೂ ದೋಣಿಯಲ್ಲಿ ದಾಟುವ ಕಡವು. ಸಾಮಾನು, ಮಕ್ಕಳು, ಮುದುಕರು ಜೊತೆಗಿದ್ದರೆ ಕಡಲದಾರಿಯೇ ವಾಸಿ. ಮಚ್ವೆಯಲ್ಲಿ ಕೆಳಗೆ ಹಂಚು, ಮೇಲೆ ಜನ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಹೊತ್ತ ಹಾಯಿದೋಣಿಗಳು ಈ ಕರಾವಳಿಯಲ್ಲಿ ಓಡಾಡುತ್ತಿದ್ದವು. ದಾರಿಯಲ್ಲಿ ಮೂಲ್ಕಿ, ಮಲ್ಪೆ, ಹಂಗಾರಕಟ್ಟೆಯಲ್ಲಿ ತಂಗುವುದು.

ದೊಡ್ಡಮ್ಮನ ಮಾತು ಹೀಗಿದೆ: ‘ಮೂಲ್ಕಿಯಲ್ಲಿ ಬಾಗಿಲು ಸಿಗಲಿಲ್ಲ. ಹೊರಗೇ ಲಂಗರು ಹಾಕಿ ಕೂತೆವು.’ ‘ಅಳಿವೆ ಸಿಗಲಿಲ್ಲ’ ಅಂತ ಅವರು ಒಮ್ಮೆಯೂ ಹೇಳುವುದಿಲ್ಲ. ಅಳಿವೆ ಎದುರಿಗೇ ಇದೆ. ಬಡಗಕ್ಕೆ ಹೆಜಮಾಡಿ ಕೋಡಿ, ತೆಂಕಕ್ಕೆ ಸಸಿಹಿತ್ಲು, ನಡುವೆ ಶಾಂಭವಿ, ನಂದಿನಿ ಎರಡೂ ಕೂಡಿ ಕಡಲಿಗೆ ಬೀಳುತ್ತವೆ. ದಡದ ತೆಂಗಿನಮರಗಳೂ ಕಾಣುತ್ತಿವೆ. ಸಿಗದೇ ಇದ್ದದ್ದು ಬಾಗಿಲು.

ಹೊಳೆ ಮರಳು ತರುತ್ತದೆ, ತೆರೆ ಅದನ್ನು ಹಿಂದಕ್ಕೆ ನೂಕುತ್ತದೆ. ಎರಡರ ನೂಕಾಟದಲ್ಲಿ ಅಳಿವೆಗೆ ಅಡ್ಡವಾಗಿ ನೀರಿನಡಿ ಮರಳಿನ ದಿಬ್ಬ ಏಳುತ್ತದೆ. ದಿಬ್ಬದ ಮೇಲೆ ತೆರೆ ಬೆಳ್ಳಗೆ ಒಡೆಯುತ್ತದೆ. ಎಲ್ಲೋ ಒಂದು ಕಡೆ ಮಾತ್ರ ನೀರು ಆಳ, ಅಲ್ಲಿ ತೆರೆ ಒಡೆಯದೆ ಉಬ್ಬಿ ಸುಮ್ಮನೆ ಒಳಗೆ ಹೋಗುತ್ತದೆ. ದೋಣಿ ನಡೆಸುವ ತಂಡೇಲ ನಿಂತು ನೋಡುವುದು ಆ ಒಡೆಯದ ಜಾಗವನ್ನು. ಅದೇ ಬಾಗಿಲು. ಮಳೆಗಾಲ ಕಳೆದರೆ ಹೋದ ವರ್ಷದ ಜಾಗದಲ್ಲೇ ಇರುತ್ತದೆ ಅನ್ನುವ ಹಾಗಿಲ್ಲ. ಅದಕ್ಕೇ ‘ಸಿಗುವುದು’ ಅನ್ನುವ ಕ್ರಿಯಾಪದ ಇಲ್ಲಿ ಅಷ್ಟು ಸರಿಯಾಗಿ ಕೂರುತ್ತದೆ.

ಹಾಯಿಯ ಕಾಲದಲ್ಲಿ ಇನ್ನೂ ಒಂದು ಕಷ್ಟ. ನಸುಕಿನಲ್ಲಿ ನೆಲದಿಂದ ಕಡಲಿಗೆ ಮೂಡುಗಾಳಿ ಬೀಸುತ್ತದೆ, ಹೊರಡಲು ಅದು. ಮಧ್ಯಾಹ್ನ ನೆಲ ಕಾದ ಮೇಲೆ ಪಡುಗಾಳಿ ತಿರುಗುತ್ತದೆ, ಒಳಗೆ ಬರಲು ಅದು. ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ. ಗಾಳಿಗೆ ಹೀಗೆ ಹೊತ್ತು ಗೊತ್ತಿದೆ. ಭರತಕ್ಕೆ, ಅಂದರೆ ಕಡಲಿನ ಉಬ್ಬರಕ್ಕೆ, ಹಾಗಿಲ್ಲ, ಅದು ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಪಡುಗಾಳಿ ಇದ್ದು ಭರತವೂ ಇದ್ದರೆ ಬಾಗಿಲು ಸಿಕ್ಕಿತು. ಗಾಳಿ ಇದ್ದು ಇಳಿತವಾಗಿದ್ದರೆ ತುಂಬಿದ ಮಚ್ವೆಯ ತಳ ಮರಳಿಗೆ ತಾಗುತ್ತದೆ. ಮೂಲ್ಕಿಯಲ್ಲಿ ಆದದ್ದು ಇದೇ. ಮಕ್ಕಳು ಅಕ್ಕಪಕ್ಕದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರೂ ಹೊರಗೇ ಕಾಯಬೇಕಾಯಿತು.

ಅಳಿವೆ ಮಾತ್ರ ಬರೀ ಬಾಯಿಯಲ್ಲ. ಕುಮಟಾ ಕಡೆಯ ‘ಅಘನಾಶಿನಿ ಅಳಿವೆ’ಯನ್ನೇ ನೋಡಿ. ಅಲ್ಲಿ ಅಳಿವೆ ಎಂದರೆ ಉಪ್ಪುನೀರು ಹತ್ತುವ ಗಜನಿ ಗದ್ದೆ, ಕಗ್ಗ ಭತ್ತ, ಚಿಪ್ಪಿ ಆರಿಸುವ ಜಾಗ ಎಲ್ಲಾ ಸೇರಿ ಮೈಲುಗಟ್ಟಲೆ ಹರಡಿದ ನೀರು. ಮಂಗಳೂರಿನಲ್ಲೂ ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಹರಡಿಕೊಂಡ ನೀರೆಲ್ಲ ಅಳಿವೆ. ಬೆಂಗ್ರೆಗೂ ಉಳ್ಳಾಲದ ಕೋಟೆಪುರಕ್ಕೂ ನಡುವೆ ದೋಣಿ ಹೊಕ್ಕು ಹೊರಡುವ ಸೀಳು ಬಾಗಿಲು. ಹೂಳು ತುಂಬಿ ದೋಣಿ ಮಗುಚುವುದು ಅಲ್ಲಿಯೇ.

ಇನ್ನು ಪದದ ಬೇರು. ಹೊಳೆ ತನ್ನ ಹೆಸರು ಕಳೆದುಕೊಂಡು ‘ಅಳಿಯುವ’ ಜಾಗ ಅಳಿವೆ ಅಂತ ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ಮಲಯಾಳದಲ್ಲಿ ಹೊಳೆಯ ಬಾಯಿಗೆ ಅೞಿ, ಅೞಿಮುಖಂ ಎನ್ನುತ್ತಾರೆ. ಕಣ್ಣೂರಿನ ಹತ್ತಿರದ ಬಂದರಿನ ಹೆಸರೇ ಅೞೀಕ್ಕಲ್. ನಮ್ಮ ಅಳಿವೆ ಇದರ ನೆಂಟ. ನಾಶವಾಗು ಅನ್ನುವ ಅರ್ಥದ ‘ಅಳಿ’ಗೂ ಹಳಗನ್ನಡದಲ್ಲಿ ೞ ಅಕ್ಷರವೇ (ಈಗ ನಾವು ಳ ಎಂದು ಬರೆಯುವುದು) ಇತ್ತು, ಹಾಗಾಗಿ ಬರೀ ಅಕ್ಷರ ನೋಡಿ ಇದನ್ನು ತೀರ್ಮಾನಿಸಲು ಬರುವುದಿಲ್ಲ. ಆದರೆ ಕಡಲಿಗೆ ಹೋಗಿ ಬರುವವರಿಗೆ ಅದು ದಾರಿ. ಅವರು ದಾರಿಗೆ ನಾಶದ ಹೆಸರಿಟ್ಟರು ಅಂತ ನಂಬುವುದು ಕಷ್ಟ.

ಒಂದು ಮಾತು ನಡುವೆ. ಬಂದರು, ಲಂಗರು, ತೂಫಾನು ಎಲ್ಲಾ ಹೊರಗಿನಿಂದ ವ್ಯಾಪಾರದ ಜೊತೆ ಬಂದ ಪದಗಳು. ಅಳಿವೆ, ಹಾಯಿ, ಮೂಡು, ಪಡು, ತೆರೆ ಇಲ್ಲಿಯವೇ. ಹಾಯಿಯನ್ನು ‘ಹಾಯು’ ಅಂದರೆ ದಾಟು ಅನ್ನುವುದಕ್ಕೆ ಗಂಟು ಹಾಕುವವರು ತಮಿಳಿನ ಪಾಯ್, ಮಲಯಾಳದ ಪಾಯ ನೋಡಬೇಕು. ಎರಡಕ್ಕೂ ಚಾಪೆ ಅಂತಲೂ ಅರ್ಥ, ಹಾಯಿ ಅಂತಲೂ ಅರ್ಥ. ಪಾಲು ಹಾಲಾದ ಹಾಗೆ ಪಾಯಿ ಹಾಯಿ ಆಗಿದೆ.

ಅಳಿವೆಯ ಅಕ್ಕಪಕ್ಕದ ಎರಡು ಪದಗಳ ಬಗ್ಗೆಯೂ ಕೇಳಬೇಕಿತ್ತು. ಘಟ್ಟದ ಮೇಲಿನವರಿಗೆ ಕೋಡಿ ಎಂದರೆ ಕೆರೆ ತುಂಬಿ ನೀರು ಹೊರಬೀಳುವ ಜಾಗ. ಇಲ್ಲಿ ಕೋಡಿ ಎಂದರೆ ನೆಲದ ತುದಿ: ಹೆಜಮಾಡಿ ಕೋಡಿ, ಕುಂದಾಪುರದ ಕೋಡಿ. ತುಳುವಿನಲ್ಲಿ ಕೊಡಿ ಎಂದರೆ ತುದಿಯೇ ಅಲ್ವಾ. ಬೆಂಗ್ರೆ ಅಥವಾ ಬೇಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವಿನ ಮರಳಿನ ಪಟ್ಟಿ: ತೋಟ ಬೆಂಗ್ರೆ, ಕಸಬ ಬೆಂಗ್ರೆ, ಸೀತಾ, ಸುವರ್ಣಾ ಕಡಲು ಸೇರುವಲ್ಲಿ ಕೋಡಿ ಬೇಂಗ್ರೆ. ಮುನ್ ಮತ್ತು ಕೈ ಸೇರಿ ಮುಂಗೈ ಆದ ಹಾಗೆ ಬೆನ್ ಮತ್ತು ಕರೆ ಸೇರಿ ಬೆಂಗರೆ ಆಗಿರಬಹುದು, ಅಂದರೆ ಬೆನ್ನಿಗಿರುವ ದಡ ಅಂತ ನನ್ನ ಊಹೆ.

ಗಂಗೊಳ್ಳಿಯವರು, ಅದರಲ್ಲೂ ಕೊಂಕಣಿ ಮಾತಾಡುವ ಮೀನುಗಾರ ಖಾರ್ವಿ ಮನೆಗಳವರು, ದಯವಿಟ್ಟು ಹೇಳಿ. ಐದು ಹೊಳೆ ಕೂಡಿ ಒಂದೇ ಕಡೆ ಕಡಲಿಗೆ ಬೀಳುವ ಪಂಚಗಂಗಾವಳಿಯಲ್ಲಿ ಈ ಸೀಳಿಗೆ ನೀವೂ ಬಾಗಿಲು ಅಂತಲೇ ಹೇಳುತ್ತೀರಾ? ಕೊಂಕಣಿಯಲ್ಲಿ ಅದಕ್ಕೆ ಬೇರೆ ಹೆಸರಿದೆಯಾ? ಭಟ್ಕಳ, ಹೊನ್ನಾವರದ ಕಡೆ ‘ಬಾಗಿಲು ಸಿಗಲಿಲ್ಲ’ ಅನ್ನುವ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದವರಿದ್ದರೆ ಅದನ್ನೂ ಬರೆಯಿರಿ.