ಸಿನಿಮಾ ಹಾಡು ದಾಟಿ ಏನು ಕೇಳಲಿ? ನಿಮ್ಮ ಇಷ್ಟದ ಹಾಡು, ಯಾಕೆ ಇಷ್ಟ, ಎರಡೂ ಹೇಳಿ

ಚಿಕ್ಕಂದಿನಿಂದ ನಾನು ಕೇಳಿದ್ದೆಲ್ಲ ಸಿನಿಮಾ ಹಾಡುಗಳೇ. ಈಗ ಜಾಜ್, ರೆಗೆ, ಶಾಸ್ತ್ರೀಯ, ಹೀಗೆ ಬೇರೆ ಬೇರೆ ಬಗೆಯದು ಕೇಳಬೇಕು ಅನ್ನಿಸಿದೆ. ಆದರೆ ನೂರು ಶ್ರೇಷ್ಠ ಹಾಡುಗಳ ಪಟ್ಟಿ ಹಿಡಿದು ಕೂತರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ನಿಮ್ಮ ಮನಸ್ಸಿಗೆ ನಿಜವಾಗಿ ಹತ್ತಿರವಾದ ಒಂದೆರಡು ಹಾಡು ಹೇಳಿ. ಬರೀ ಹೆಸರು ಬೇಡ, ಯಾಕೆ ಇಷ್ಟ ಅಂತಲೂ ಬರೆಯಿರಿ.

*

ಪಟ್ಟಿ ಬಿಟ್ಟುಬಿಡಿ. ನಿಮ್ಮ ಕಿವಿಗೆ ಈಗಾಗಲೇ ಏನು ಗೊತ್ತಿದೆಯೋ ಅದನ್ನೇ ಹಿಡಿದುಕೊಂಡು ಒಳಗೆ ಹೋಗಿ.

ನನಗೆ ತಾಳದ ಹುಚ್ಚು. ಹಾಗಾಗಿ ಜಾಜ್ ಹಿಡಿಸಿದ್ದು 'ಟೇಕ್ ಫೈವ್' ಕೇಳಿದ ಮೇಲೆ. 1959ರಲ್ಲಿ ಡೇವ್ ಬ್ರೂಬೆಕ್ ತಂಡ ನುಡಿಸಿದ್ದು. ರಚಿಸಿದ್ದು ಅದೇ ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್. ಇದರಲ್ಲಿ ಮಾತಿಲ್ಲ, ವಾದ್ಯಗಳು ಮಾತ್ರ. ಒಂದು ಆವರ್ತಕ್ಕೆ ಐದು ಎಣಿಕೆ. ಕರ್ನಾಟಕ ಸಂಗೀತದ ಐದೆಣಿಕೆಯ ತಾಳ ಖಂಡ ಛಾಪು ಗೊತ್ತಿರುವವರ ಕೈ ತಾನಾಗಿಯೇ ತಟ್ಟಲು ಶುರು ಮಾಡುತ್ತದೆ. ಆದರೆ ಒಂದು ಚಿಕ್ಕ ತೊಡಕಿದೆ, ಮಜಾ ಇರುವುದೂ ಅಲ್ಲೇ. ಖಂಡ ಛಾಪು ಅಂದರೆ 'ತಕ ತಕಿಟ', ಎರಡಾದ ಮೇಲೆ ಮೂರು. ಇಲ್ಲಿ ಮೂರು ಮೊದಲು, ಎರಡು ಆಮೇಲೆ. ನಡುವೆ ಜೋ ಮೊರೆಲ್ಲೊ ಅವರ ಡ್ರಮ್ ತನಿ, ಅಂದರೆ ಡ್ರಮ್‌ಗೇ ಮೀಸಲಾದ ಭಾಗ, ಬರುತ್ತದೆ. ಆಗಲೂ ಪಿಯಾನೊ ಅದೇ ಸಣ್ಣ ತುಣುಕನ್ನು ಬಿಡದೆ ನುಡಿಸುತ್ತಾ ಇರುತ್ತದೆ. ಮೊದಲ ಸಲ ಪಿಯಾನೊ ಮಾತ್ರ ಹಿಂಬಾಲಿಸಿ, ಐದು ಎಣಿಸಿ. ಎರಡನೇ ಸಲ ಡ್ರಮ್ ಕೇಳಿ. ಆ ಎಣಿಕೆಯಿಂದ ಅವರು ಎಷ್ಟು ದೂರ ಹೋಗಿ ಬರುತ್ತಾರೆ ಅನ್ನುವುದು ಆಗ ಗೊತ್ತಾಗುತ್ತದೆ.

ರಾಗದ ಕಡೆಯಿಂದ ಹೋಗುವುದಾದರೆ ಮೈಲ್ಸ್ ಡೇವಿಸ್ ಅವರ 'ಸೋ ವಾಟ್' ಕೇಳಿ. ಅದೂ 1959ರದ್ದೇ, 'ಕೈಂಡ್ ಆಫ್ ಬ್ಲೂ' ಆಲ್ಬಮ್‌ನ ಮೊದಲ ರಚನೆ. ಇದರ ಸ್ವರಗಳು ಕರ್ನಾಟಕ ಸಂಗೀತದ ಖರಹರಪ್ರಿಯ ರಾಗದ ಸ್ವರಗಳೇ. ಹಿಂದೂಸ್ತಾನಿ ಕೇಳುವವರಿಗೆ ಕಾಫಿ ಥಾಟ್. ಸ್ವರವನ್ನು ಆಡಿಸುವ ಗಮಕ ಇಲ್ಲ, ಆದ್ದರಿಂದ ಇದು ಖರಹರಪ್ರಿಯ ರಾಗ ಅಲ್ಲ. ಆದರೂ ಕಿವಿಗೆ ಪರಿಚಯದ ನೆಲ. ಮುಖ್ಯ ಧಾಟಿಯನ್ನು ಹೇಳುವುದು ಬೇಸ್ ವಾದ್ಯ, ಎಲ್ಲರ ಹಿಂದೆ ನಿಲ್ಲುವ ಆ ದಪ್ಪ ತಂತಿಯ ವಾದ್ಯ. ಅದು ಒಂದು ಮಾತು ಹೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. 16 ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು) ಆದ ಮೇಲೆ ಎಲ್ಲವೂ ಅರ್ಧ ಸ್ವರ ಮೇಲಕ್ಕೆ ಸರಿಯುತ್ತದೆ. 8 ಬಾರ್ ಅಲ್ಲಿದ್ದು ಮತ್ತೆ ಕೆಳಗೆ ಬರುತ್ತದೆ. ಷಡ್ಜವೇ, ಅಂದರೆ ಆಧಾರದ 'ಸ' ಸ್ವರವೇ, ಜಾಗ ಬಿಟ್ಟರೆ ಹೇಗಿರುತ್ತದೆ, ಯೋಚಿಸಿ! ತಂಬೂರಿ ಶ್ರುತಿ ಅಲುಗದ ಸಂಗೀತಕ್ಕೆ ಒಗ್ಗಿದ ಕಿವಿಗೆ ಆ ಜಾಗದಲ್ಲಿ ಮೈ ಜುಮ್ಮೆನ್ನುತ್ತದೆ. ನನಗೆ ಈಗಲೂ ಅನ್ನುತ್ತದೆ.

ರಾಕ್ ಬೇಕಿದ್ದರೆ ಪಿಂಕ್ ಫ್ಲಾಯ್ಡ್ ಅವರ 'ಮನಿ', 1973. ಏಳು ಎಣಿಕೆ, ಮಿಶ್ರ ಛಾಪಿನ ಹಾಗೆ. ಗಿಟಾರ್ ತನಿ ಬಂದಾಗ ಅದು ನಾಲ್ಕಕ್ಕೆ ಬದಲಾಗುತ್ತದೆ. ಆ ಬದಲಾವಣೆ ಹಿಡಿಯಿರಿ, ಸಾಕು.

*

ಮೇಲಿನವರು ಹೇಳಿದ್ದು ಚೆನ್ನಾಗಿದೆ. ಆದರೆ ನನಗೆ ಎಣಿಸಿಕೊಂಡು ಕೇಳಲು ಬರುವುದಿಲ್ಲ. ನನಗೆ ಮೊದಲು ಸಾಹಿತ್ಯ ಬೇಕು. ಅಂಥವರಿಗೆ ಒಂದು ದಾರಿ: ಒಂದೇ ಹಾಡನ್ನು ಇಬ್ಬರ ದನಿಯಲ್ಲಿ ಕೇಳಿ.

ಶಿಶುನಾಳ ಷರೀಫರ 'ಸೋರುತಿಹುದು ಮನೆಯ ಮಾಳಿಗಿ' ತಗೊಳ್ಳಿ. 19ನೇ ಶತಮಾನದ ತತ್ವಪದ. ಮಾಳಿಗೆ ಸೋರುತ್ತಿದೆ, ಗಟ್ಟಿ ಮಾಡಿಕೊಡುವವರಿಲ್ಲ, ಕತ್ತಲೆಯಲ್ಲಿ ಮೇಲೆ ಹತ್ತಲೂ ಆಗುವುದಿಲ್ಲ. ಮನೆ ಅಂದರೆ ನಾವೇ ಅಂತ ತಿಳಿಯಲು ಯಾರ ವಿವರಣೆಯೂ ಬೇಕಿಲ್ಲ. ಸಿ. ಅಶ್ವಥ್ ಹಾಡಿದ್ದನ್ನು ಮೊದಲು ಕೇಳಿ. ಗಂಟಲು ಬಿಚ್ಚಿ ಹಾಡುತ್ತಾರೆ, ಎದುರಿಗೆ ನಿಂತು ಕರೆದ ಹಾಗಿರುತ್ತದೆ. ಆಮೇಲೆ ರಘು ದೀಕ್ಷಿತ್ ಅವರ 2008ರ ಆಲ್ಬಮ್‌ನಲ್ಲಿ ಇದೇ ಪದ ಕೇಳಿ. ಅಲ್ಲಿ ಇಡೀ ಬ್ಯಾಂಡ್ ಇದೆ. ಮಾತು ಅದೇ, ಆದರೆ ಮೈ ಕುಣಿಯುತ್ತದೆ. ಅಜ್ಞಾನದ ಬಗ್ಗೆ ಇರುವ ಪದಕ್ಕೆ ಕುಣಿಯುವುದೇ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ನಾನು ಒಪ್ಪುವುದಿಲ್ಲ. ಷರೀಫರ ಪದಗಳಲ್ಲಿ ಲಯ ಮೊದಲೇ ಇದೆ, ಓದಿದರೂ ಕಾಲು ಆಡುತ್ತದೆ. ಅಶ್ವಥ್ ಅದರ ನೋವನ್ನು ಹಿಡಿದರು, ರಘು ಅದರ ಲಯವನ್ನು ಹಿಡಿದರು. ನನಗೆ ಎರಡೂ ಬೇಕು.

ಇದೇ ದಾರಿಯಲ್ಲಿ ಶಾಸ್ತ್ರೀಯಕ್ಕೂ ಹೋಗಬಹುದು. ಪುರಂದರದಾಸರ 'ಭಾಗ್ಯದ ಲಕ್ಷ್ಮಿ ಬಾರಮ್ಮ' ಯಾರಿಗೆ ಗೊತ್ತಿಲ್ಲ? ಭೀಮಸೇನ ಜೋಶಿ ಅವರು ಹಾಡಿದ್ದನ್ನು ಕೇಳಿ. ಸಾಲು ಬಾಯಿಪಾಠ ಇರುವುದರಿಂದ ಮುಂದೇನು ಅನ್ನುವ ಚಿಂತೆ ಇರುವುದಿಲ್ಲ. ದನಿ ಎಲ್ಲಿ ಹಿಗ್ಗುತ್ತದೆ, ಎಲ್ಲಿ ತಿರುಗುತ್ತದೆ ಅನ್ನುವುದರ ಮೇಲೇ ಗಮನ ಇಡಬಹುದು. ಇದು ರುಚಿಸಿದರೆ ಅವರದೇ ಖಯಾಲ್, ಅಂದರೆ ರಾಗವನ್ನು ವಿಸ್ತರಿಸಿ ಹಾಡುವ ಹಿಂದೂಸ್ತಾನಿ ಗಾಯನದ ಕಡೆ ಹೋಗಿ, ಆಗ ಅದು ಉದ್ದ ಅನ್ನಿಸುವುದಿಲ್ಲ.

*

ನನ್ನದು ಎರಡೇ ಹಾಡು. ಎರಡರಲ್ಲೂ ವಾದ್ಯ ಕಡಿಮೆ, ದನಿ ಜಾಸ್ತಿ.

ಒಂದು, ಬಿಲ್ ವಿದರ್ಸ್ ಅವರ 'ಏಂಟ್ ನೋ ಸನ್‌ಶೈನ್', 1971ರದು, ಸೋಲ್ (soul) ಅನ್ನುವ ಅಮೆರಿಕದ ಕಪ್ಪು ಜನರ ಸಂಗೀತದ ಹಾಡು. ಸುಮಾರು ಎರಡು ನಿಮಿಷ ಅಷ್ಟೇ. ಆಗ ಅವರು ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಹಾಡಿನ ನಡುವೆ 'ಐ ನೋ' ಅನ್ನುವ ಎರಡೇ ಪದ 26 ಸಲ ಬರುತ್ತದೆ. ಅಲ್ಲಿ ಬೇರೆ ಸಾಲು ಬರೆಯಬೇಕು ಅಂತ ಅವರ ಮನಸ್ಸಿನಲ್ಲಿತ್ತು. ಜೊತೆಗಿದ್ದ ಸಂಗೀತಗಾರರು ಹಾಗೇ ಬಿಡು ಅಂದರು. ಒಳ್ಳೆಯದೇ ಆಯಿತು. ಅವಳ ಹಿಂದೆ ಹೋಗಬಾರದು ಅಂತ ಅವನಿಗೆ ಗೊತ್ತು, ಆದರೂ ಬಿಡಲು ಆಗುತ್ತಿಲ್ಲ. ಆ ಸಂಕಟ ಯಾವ ಸಾಲಿನಲ್ಲೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಗಿಟಾರ್ ಅಲ್ಲಿ ನಿಂತುಬಿಡುತ್ತದೆ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಕೇಳುತ್ತಾ ಇರಿ.

ಇನ್ನೊಂದು, ಬಾಬ್ ಮಾರ್ಲಿ ಅವರ 'ರಿಡೆಂಪ್ಶನ್ ಸಾಂಗ್', 1980. ಜಮೈಕಾದ ಸಂಗೀತವಾದ ರೆಗೆಗೆ ಇದೇ ಮೊದಲ ಹಾಡು ಅಂತ ಕೊಟ್ಟರೆ ತಪ್ಪಾಗುತ್ತದೆ, ಯಾಕೆಂದರೆ ಇದರಲ್ಲಿ ರೆಗೆಯ ತಾಳವೇ ಇಲ್ಲ. ಒಂದು ಗಿಟಾರ್, ಒಂದು ದನಿ. ಅವರು ಬದುಕಿದ್ದಾಗ ಬಂದ ಕೊನೆಯ ಆಲ್ಬಮ್‌ನ ಕೊನೆಯ ಹಾಡು ಇದು. ಆಗಲೇ ಕ್ಯಾನ್ಸರ್ ಇತ್ತು, ಮುಂದಿನ ವರ್ಷ ತೀರಿಕೊಂಡರು. ಮನಸ್ಸನ್ನು ಗುಲಾಮಗಿರಿಯಿಂದ ಬಿಡಿಸಿಕೊಳ್ಳಿ, ಅದನ್ನು ಬೇರೆ ಯಾರೂ ಮಾಡಿಕೊಡಲಾರರು ಅನ್ನುವ ಮಾತು ಬರುವಾಗ ದನಿ ಎತ್ತರಿಸುವುದೇ ಇಲ್ಲ. ಅದಕ್ಕೇ ಅದು ನನ್ನನ್ನು ತಟ್ಟುತ್ತದೆ. ದುಃಖ ಬಂದಾಗ ಕೇಳುವ ಹಾಡು ಅಲ್ಲ, ಧೈರ್ಯ ಬೇಕಾದಾಗ ಕೇಳುವ ಹಾಡು.

*

ಭಾಷೆ ಗೊತ್ತಿಲ್ಲದ ಹಾಡನ್ನು ಬಿಡಬೇಡಿ ಅಂತ ಮಾತ್ರ ಹೇಳುತ್ತೇನೆ. ಆಫ್ರಿಕಾದ ಪಶ್ಚಿಮ ಕರಾವಳಿಯಾಚೆಯ ಕೇಪ್ ವರ್ಡ್ ದ್ವೀಪಗಳ ಗಾಯಕಿ ಸೆಸಾರಿಯಾ ಎವೊರಾ ಅವರ 'ಸೊದಾದ್' ಕೇಳಿ, 1992ರ ಆಲ್ಬಮ್‌ನಲ್ಲಿದೆ. ಅಲ್ಲಿನ ನಿಧಾನದ ಹಾಡುಗಾರಿಕೆಗೆ ಮೊರ್ನಾ ಅನ್ನುತ್ತಾರೆ. ಊರು ಬಿಟ್ಟು ದುಡಿಯಲು ದೂರದ ಸಾವೊ ತೊಮೆ ದ್ವೀಪಕ್ಕೆ ಹೋದವರನ್ನು ನೆನೆದು, ಆ ದೂರದ ದಾರಿಯನ್ನು ನಿನಗೆ ತೋರಿಸಿದವರು ಯಾರು ಅಂತ ಕೇಳುವ ಹಾಡು. ನಾನು ಅರ್ಥ ತಿಳಿದುಕೊಂಡಿದ್ದು ಎಷ್ಟೋ ಕಾಲದ ಮೇಲೆ. ಆದರೆ ಯಾರೋ ದೂರ ಹೋಗಿದ್ದಾರೆ ಅನ್ನುವುದು ಮೊದಲ ಸಲವೇ ತಿಳಿದಿತ್ತು.

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಷರೀಫರ ಪದದಿಂದ ಶುರು ಮಾಡುತ್ತೇನೆ, ಆಮೇಲೆ 'ಸೋ ವಾಟ್'. ಇನ್ನೊಂದು ಪ್ರಶ್ನೆ. ಎಲೆಕ್ಟ್ರಾನಿಕ್ ಸಂಗೀತ ಕೇಳಿದರೆ ಸುಮ್ನೆ ಒಂದೇ ಸದ್ದು ತಿರುಗುತ್ತಿದೆ ಅನ್ನಿಸುತ್ತದೆ. ಅದನ್ನು ಇಷ್ಟಪಡುವವರು ಅದರಲ್ಲಿ ಏನು ಕೇಳುತ್ತೀರಿ?

*

ತಿರುಗುವುದನ್ನೇ ಕೇಳುತ್ತೇವೆ. ಡೊನಾ ಸಮ್ಮರ್ ಅವರ 'ಐ ಫೀಲ್ ಲವ್' ಹಾಕಿ ನೋಡಿ, 1977. ಜಾರ್ಜಿಯೊ ಮೊರೊಡರ್ ಮತ್ತು ಸಂಗಡಿಗರು ಬಹುತೇಕ ಎಲ್ಲವನ್ನೂ ಸಿಂಥಸೈಜರ್‌ನಲ್ಲೇ, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯದಲ್ಲೇ, ಮಾಡಿದ್ದಾರೆ. ಕೆಳಗೆ ಯಂತ್ರ ಒಂದಿಷ್ಟೂ ಬದಲಾಗದೆ ಓಡುತ್ತಾ ಇರುತ್ತದೆ, ಮೇಲೆ ಹೆಂಗಸಿನ ದನಿ ತೇಲುತ್ತದೆ. ಬೇಸ್‌ನ ಪ್ರತಿ ಸ್ವರಕ್ಕೂ ಒಂದು ಪ್ರತಿಧ್ವನಿ ಇದೆ, ಅದರಿಂದಲೇ ಆ ಓಟ. ಯಂತ್ರದ ಸದ್ದಿನಲ್ಲಿ ಹಾಡುವ ಧಾಟಿಯನ್ನು ಹುಡುಕಬೇಡಿ, ಧಾಟಿ ಇರುವುದು ಅವಳ ದನಿಯಲ್ಲಿ. ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಉದ್ದದ ಆವೃತ್ತಿಯನ್ನೇ ಕೇಳಿ. ಮೂರನೇ ನಿಮಿಷ ದಾಟುವ ತನಕ ನಿಲ್ಲಿಸಬೇಡಿ.