ಅಪ್‌ಡೇಟ್: ತೇಲುಬಲೆಯಲ್ಲಿ ಬೆಳವಣಿಗೆ ನಿಂತಿದ್ದ ಸಮುದ್ರ ಸೌತೆ ಮರಿಗಳು

ಫಿಲಿಪ್ಪೀನ್ಸಿನ ಬೊಲಿನಾವೊ ಕರಾವಳಿಯಲ್ಲಿ ನಾವು ತೇಲುವ ಹಾಪಾ ಬಲೆಗಳಿಗೆ (ಸಣ್ಣ ಕಣ್ಣಿನ, ಚೀಲದಂಥ ಬಲೆಗಳು) ಬಿಟ್ಟಿದ್ದ ಸ್ಯಾಂಡ್‌ಫಿಶ್ ಜಾತಿಯ ಸಮುದ್ರ ಸೌತೆ (ಕಡಲತಳದಲ್ಲಿ ಬಾಳುವ ಸೌತೆಕಾಯಿಯಾಕಾರದ ಪ್ರಾಣಿ) ಮರಿಗಳು ಅರ್ಧ ಸೆಂಟಿಮೀಟರಿನಿಂದ ಮುಂದೆ ಏಕೆ ಬೆಳೆಯುತ್ತಿಲ್ಲವೆಂದು ಹಿಂದೆ ನಿಮ್ಮನ್ನು ಕೇಳಿದ್ದೆ. ಸಮಸ್ಯೆ ಈಗ ಬಗೆಹರಿದಿದೆ. ಕಡಲಪಾಚಿಯ ಪುಡಿ ಹಾಕಬೇಕೆಂಬ ಸಲಹೆ ಫಲಿಸಲಿಲ್ಲ, ಪುಡಿಯ ಬಹುಪಾಲು ಅಲೆಯೊಂದಿಗೆ ಹೊರಗೆ ಹೋಗುತ್ತಿತ್ತು. ಕೆಲಸಕ್ಕೆ ಬಂದದ್ದು, ಮರಿಗಳ ದಟ್ಟಣೆ ತಗ್ಗಿಸಿ ಬಲೆ ಬದಲಾಯಿಸಿ ಎಂದವರ ಮಾತು. ಹಳೆಯ ಬಲೆಯ 1 ಮಿಲಿಮೀಟರ್ ಕಣ್ಣುಗಳನ್ನು ನೂಲಿನಂಥ ಪಾಚಿಯೂ ಕೆಸರೂ ಮುಚ್ಚಿ, ಒಳಗೆ ನೀರಾಡುವುದೇ ನಿಂತುಹೋಗಿತ್ತು.

ಅಚ್ಚರಿಯೆಂದರೆ, ಹೊಚ್ಚಹೊಸ ಬಲೆಗಿಂತ, ಮೊದಲೇ ಕಡಲಿಗೆ ಇಳಿಬಿಟ್ಟು, ಮುಟ್ಟಿದರೆ ಜಾರುವಷ್ಟು ಕಂದು ಲೋಳೆ ಕಟ್ಟಲು ಬಿಟ್ಟ ಬಲೆಯಲ್ಲಿ ಅವು ಚೆನ್ನಾಗಿ ಬೆಳೆದವು. ಆ ಲೋಳೆಯಲ್ಲಿರುವ, ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು ಮರಿಗಳಿಗೆ ಆಹಾರ. ಭಾರೀ ಮಳೆಯಾದಾಗ ಮೇಲ್ನೀರಿನ ಉಪ್ಪಿನಂಶ ಇಳಿಯುವುದರಿಂದ ಬಲೆಗಳನ್ನು ತುಸು ಆಳಕ್ಕೆ ಇಳಿಸುತ್ತೇವೆ. 3 ಗ್ರಾಂ ದಾಟಿದ ಮರಿಗಳನ್ನು ಕಡಲಹುಲ್ಲಿನ ನಡುವೆ ಹಾಕಿರುವ ಬಲೆಬೇಲಿಯೊಳಗೆ ಬಿಡುತ್ತಿದ್ದೇವೆ.

ಊರಿನಲ್ಲಿ ಇದನ್ನು ಮಾಡಬಹುದೇ ಎಂದು ಕೇಳಿದವರಿಗೆ: ಭಾರತದಲ್ಲಿ 2001ರಿಂದ ಸಮುದ್ರ ಸೌತೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಹಿಡಿಯುವುದೂ ಮಾರುವುದೂ ಅಪರಾಧ.